ಸರಕಾರಿ ಬ್ಯಾನರಿನ ಕೌದಿ

ನನಗೆ ಒಳ್ಳೆಯ ವಿಚಾರ ಹೊಳೆದಾಗಲೆಲ್ಲ ನನ್ನ ಹೆಂಡತಿ ಶಾಂತಾ ದೇವರ ಮುಂದೆ ದೀಪ ಹಚ್ಚುತ್ತಾಳೆ. ಆ ಸಲವೂ ಹಚ್ಚಿದಳು. ನಾನು ಅದನ್ನು ಪ್ರೋತ್ಸಾಹವೆಂದೇ ತಿಳಿದೆ!

ಆಗ ನಾನು ನರೇಗಲ್ ಕಡೆಯ ಒಂದು ಸರಕಾರಿ ದವಾಖಾನೆಯಲ್ಲಿ ಉಗ್ರಾಣದ ಗುಮಾಸ್ತ. ಫ್ಲೆಕ್ಸ್ ಎಂಬುದು ನಮ್ಮ ಕಡೆ ಆಗಷ್ಟೇ ಕಾಲಿಟ್ಟಿತ್ತು. ಹಾಗಾಗಿ ಆರೋಗ್ಯ, ಕುಟುಂಬ ಯೋಜನೆ ಎಂದು ಬಣ್ಣದಲ್ಲಿ ಬರೆಸಿದ ಬಟ್ಟೆಯ ಬ್ಯಾನರುಗಳೆಲ್ಲ ಕೆಲಸ ಕಳೆದುಕೊಂಡು ನನ್ನ ಉಗ್ರಾಣದಲ್ಲಿ ಬಿದ್ದಿದ್ದವು. ಅತ್ತ ವಾರ್ಡಿನಲ್ಲಿ ಬಾಣಂತಿಯರು ಚಳಿಗೆ ನಡುಗುತ್ತಿದ್ದರು. ಬ್ಯಾನರು ಹರಿದು ಕೌದಿ ಹೊಲಿಸಿದರೆ ಹೇಗೆ? ಹಳೆಯ ಸೀರೆಗೆ ಕೌದಿಯಾಗುವ ಯೋಗವಿರುವಾಗ ಸರಕಾರಿ ಬಟ್ಟೆಗೆ ಯಾಕಿರಬಾರದು? ಡಾಕ್ಟರೂ ಹೂಂ ಅಂದರು.

ಇದರಲ್ಲಿ ನನ್ನ ಸ್ವಾರ್ಥವೂ ಇತ್ತು. ಮಗಳು ಗೀತಾ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಹೆರಿಗೆ ನಮ್ಮ ದವಾಖಾನೆಯಲ್ಲೇ. ಬಾಣಂತನಕ್ಕೆ ಐದು ತಿಂಗಳು ತವರಿನಲ್ಲಿರುವುದು ನಮ್ಮ ಪದ್ಧತಿ. ಆದರೆ ಅವಳ ಅತ್ತೆ, ಗಜೇಂದ್ರಗಡದ ನಮ್ಮ ಬೀಗಿತಿ ನೀಲವ್ವ, ಮೊದಲೇ ಹೇಳಿಬಿಟ್ಟಿದ್ದರು.

"ನಾ ಬಂದು ಕಣ್ಣಾರೆ ನೋಡ್ತೀನ್ರಿ. ವ್ಯವಸ್ಥಾ ಚಲೋ ಇರಲಿಲ್ಲಂದ್ರ ತಿಂಗಳಿಗೇ ಸೊಸಿನ್ನ ಕರ್ಕೊಂಡ ಹೋಗ್ತೀನಿ."

ಗೀತಾ ನನ್ನ ಕೈ ಹಿಡಿದು, "ಅಪ್ಪಾ, ಹ್ಯಾಂಗರ ಮಾಡಿ ಐದ ತಿಂಗಳ ಇಲ್ಲೇ ಇಟಗೋಪಾ" ಎಂದಳು. ಆಗಲಿ ಎಂದು ಮಾತು ಕೊಟ್ಟೆ.

ಜಕ್ಕಲಿಯ ಹುಸೇನಬಿ ಕೌದಿ ಹೊಲಿಯುವುದರಲ್ಲಿ ಹೆಸರಾದವಳು. ಬ್ಯಾನರು ಬಿಡಿಸಿ ನೋಡಿ, "ಅಕ್ಷರ ಒಳಗ ಹಾಕ್ಲೇನ್ರಿ, ಹೊರಗ ಹಾಕ್ಲೇನ್ರಿ?" ಎಂದು ಕೇಳಿದಳು.

ನಾನು ಗಂಟಲು ಸರಿಮಾಡಿಕೊಂಡು, "ಒಂದ ಮಗ್ಗಲ ಹೊರಗ ಇರ್ಲಿ. ಮಂದಿಗೆ ಮಲಗಿದಲ್ಲೇ ಆರೋಗ್ಯದ ತಿಳುವಳಿಕಿ ಬರ್ಲಿ" ಎಂದೆ.

"ಆತ್ರಿ. ಮತ್ತ ಕಡೀ ಹೊಲಿಗಿ ಹಾಕೂ ಮುಂದ ಮೂಲ್ಯಾಗ ಒಂದ ಚೂರು ರೊಟ್ಟಿ ಇಡಬೇಕ್ರಿ. ಕೌದಿ ಹಸಕೊಂಡಿರಬಾರ್ದು."

ಬರೀ ರೊಟ್ಟಿ ಚೂರೇ? ಸರಕಾರದ ಕೌದಿಗೆ? ಒಂದೊಂದಕ್ಕೆ ಒಂದೊಂದು ಇಡೀ ಶೇಂಗಾ ಹೋಳಿಗೆ ಮಂಜೂರು ಮಾಡಿದೆ! ಹೋಳಿಗೆ ಲಟ್ಟಿಸುತ್ತಾ ಶಾಂತಾ ಕೇಳಿದಳು, "ಯಾರಿಗ್ರಿ ಇಷ್ಟ ಹೋಳಿಗಿ?"

"ಕೌದಿಗೆ."

ಆಕೆ ಎದ್ದು ಹೋಗಿ ಇನ್ನೊಂದು ದೀಪ ಹಚ್ಚಿದಳು.

ಕೌದಿಗಳು ಬಂದವು. ನೋಡಲು ಬಲು ಚೆಂದ! ಹುಸೇನಬಿ ಕೆಂಪಿನ ಪಕ್ಕ ಹಳದಿ, ಹಳದಿಯ ಪಕ್ಕ ನೀಲಿ ಎಂದು ಬಣ್ಣಕ್ಕೆ ಬಣ್ಣ ಹೊಂದಿಸಿದ್ದಳು. ಮಾತಿಗೆ ಮಾತು ಹೊಂದಬೇಕೆಂದು ನಾನು ಹೇಳಿರಲೇ ಇಲ್ಲ. ಒಂದು ಕೌದಿ 'ಹುಚ್ಚುನಾಯಿ ಕಚ್ಚಿದರೆ ಎದೆಹಾಲು ಕುಡಿಸಿ' ಎನ್ನುತ್ತಿತ್ತು. ಇನ್ನೊಂದು 'ಗರ್ಭಿಣಿಯರನ್ನು ಕುದಿಸಿ ಆರಿಸಿ ಕುಡಿಯಿರಿ' ಎನ್ನುತ್ತಿತ್ತು. ಡಾಕ್ಟರು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

"ಗುಮಾಸ್ತರ, ಅಕ್ಷರ ಕೆಳಗ ಮಾಡಿ ಹೊಚ್ರಿ. ಲಗೂ!"

ಎಲ್ಲವನ್ನೂ ಮಗುಚಿ ಹೊದಿಸಿದೆವು. ಅಪಾಯ ಕಳೆಯಿತೆಂದುಕೊಂಡೆ.

ಗೀತಾಗೆ ಹೆಣ್ಣು ಕೂಸು ಹುಟ್ಟಿತು. ನೀಲವ್ವ ಮರುದಿನದ ಬಸ್ಸಿಗೇ ಬಂದಿಳಿದರು. ಮಂಚ ನೋಡಿದರು, ಕಿಟಕಿ ನೋಡಿದರು, ಕೌದಿಯನ್ನು ಕೈಯಿಂದ ಸವರಿದರು. "ಕೌದಿ ಭಾಳ ಚಲೋ ಐತ್ರಿ ಬೀಗರ. ಹುಡುಗಿ ಬೆಚ್ಚಗದಾಳ." ನಾನು ಗೀತಾಳ ಕಡೆ ನೋಡಿ ಹುಬ್ಬು ಹಾರಿಸಿದೆ. ಐದು ತಿಂಗಳು ಗಟ್ಟಿಯಾದಂತೆಯೇ ಎನಿಸಿತು.

ಅಷ್ಟರಲ್ಲಿ ಕೂಸು ಕಿಟಾರನೆ ಕಿರುಚಿತು. ಗೋಡೆಯಿಂದ ಮಂಚದ ಕಾಲಿಗೆ, ಕಾಲಿನಿಂದ ಕೌದಿಯ ಮೂಲೆಗೆ ಇರುವೆಗಳ ಸಾಲು! ನನ್ನ ಹೋಳಿಗೆಯ ವಾಸನೆ ಅವಕ್ಕೆ ಮುಟ್ಟಿತ್ತು.

"ಅಯ್ಯ ನಮ್ಮವ್ವ, ಇರವಿ!" ನೀಲವ್ವ ಕೂಸನ್ನು ಎತ್ತಿ ಪಕ್ಕದಲ್ಲಿದ್ದ ಶಾಂತಾಳ ಕೈಗಿಟ್ಟು, ಕೌದಿ ಕಿತ್ತುಕೊಂಡು ಜಾಡಿಸಿದರು. ಮೂಲೆಯ ಹೊಲಿಗೆ ಬಿಚ್ಚಿ ಹೋಳಿಗೆಯ ಪುಡಿ ಅವರ ಇಳಕಲ್ ಸೀರೆಯ ಮೇಲೆಲ್ಲ ಸುರಿಯಿತು. ಇರುವೆ ಹುಡುಕಲು ಕೌದಿಯನ್ನು ಬೆಳಕಿಗೆ ಹಿಡಿದರು. ಅಕ್ಷರದ ಮಗ್ಗಲು ಅವರ ಕಡೆಗೇ ಬಂತು! ಇಡೀ ವಾರ್ಡಿಗೆ ಕೇಳುವಂತೆ ಕೂಡಿಸಿ ಕೂಡಿಸಿ ಓದಿದರು.

"ಸಾ... ಕು. ಇಂದೇ... ಶಸ್ತ್ರ... ಚಿಕಿತ್ಸೆ... ಮಾಡಿಸಿಕೊಳ್ಳಿ."

ಪಕ್ಕದ ಮಂಚದ ಬಾಣಂತಿ ತನ್ನ ಕೌದಿಯನ್ನೂ ಮಗುಚಿ ನೋಡತೊಡಗಿದಳು.

"ಬೀಗರ, ಚೊಚ್ಚಲ ಹಡದ ನನ್ನ ಸೊಸಿ ಮ್ಯಾಲ ಇದನ್ನ ಹೊಚ್ಚೀರೇನು?"

"ಅದು ಸರಕಾರದ ಅಭಿಪ್ರಾಯರಿ," ಎಂದೆ. "ನಂದಲ್ಲ!"

ಗೀತಾ ಕಣ್ಣು ಮುಚ್ಚಿಕೊಂಡಳು. ಮಗಳ ಐದು ತಿಂಗಳನ್ನು ನಾನೇ ಕೈಯಾರೆ ಹಾಳುಮಾಡಿದೆನಲ್ಲ ಎಂದು ನನಗೆ ಅಳುವೇ ಬಂತು. ನೀಲವ್ವ ಕೌದಿಯನ್ನೇ ನೋಡುತ್ತ ನಿಂತರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಮಂಚದ ತುದಿಗೆ ಕುಸಿದು ಕೂತು ನಕ್ಕರು.

"ಮೂವತ್ತ ವರ್ಷದ ಹಿಂದ ಇದನ್ನ ಯಾರರ ನನಗ ಹೊಚ್ಚಬೇಕಿತ್ತ ನೋಡ್ರಿ!"

ಏಳು ಹೆತ್ತ ತಾಯಿ. ಇಡೀ ವಾರ್ಡು ಅವರೊಂದಿಗೆ ನಕ್ಕಿತು. ನಗು ಮುಗಿದ ಮೇಲೂ ಅವರು ಸ್ವಲ್ಪ ಹೊತ್ತು ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು. ಆಮೇಲೆ ಗೀತಾಳ ತಲೆ ಸವರಿ, "ಐದ ತಿಂಗಳ ಇಲ್ಲೇ ಆರಾಮ ಇರವಾ" ಎಂದರು.

ನಾನು ಕೈ ಮುಗಿದೆ.

"ನಾನೂ ಇರ್ತೀನ್ರಿ," ಎಂದರು ನನ್ನ ಕಡೆ ತಿರುಗಿ. "ಕೌದಿಗೆ ಹೋಳಿಗಿ ತಿನಿಸೂ ಮನ್ಯಾಗ ಕೂಸಿನ್ನ ಹ್ಯಾಂಗ ಬಿಟ್ಟಹೋಗ್ಲಿ?"

ಕೌದಿಗಳೊಳಗಿನ ಹೋಳಿಗೆಗಳು ಹೊರಬಿದ್ದು, ಅಕ್ಷರಗಳ ಮೇಲೆ ಹಳೆಯ ಸೀರೆಗಳು ಬಂದು, ಬಾಣಂತಿಯರು ಬೆಚ್ಚಗಾದರು. ಬೀಗಿತಿಯ ಟ್ರಂಕು ನಮ್ಮ ಮನೆಗೆ ಬಂತು. ಬಾಣಂತಿಗೆ ಆಸೆಯಾಗುತ್ತದೆಂದು ನನಗೆ ಮಿರ್ಚಿ ಭಜಿ ಬಂದ್. ವಾಸನೆ ಬರುತ್ತದೆಂದು ಉಪ್ಪಿನಕಾಯಿ ಬಂದ್. ಕೂಸು ಏಳುತ್ತದೆಂದು ನನ್ನ ಗೊರಕೆಯೂ ಬಂದ್! ಐದು ತಿಂಗಳು ಮುಗಿದಾಗ ಗೀತಾ ಮೈಕೈ ತುಂಬಿಕೊಂಡು ಗಂಡನ ಮನೆಗೆ ಹೊರಟಳು. ಆ ಬಾಣಂತನದಲ್ಲಿ ಕಟ್ಟುನಿಟ್ಟಾಗಿ ಪಥ್ಯ ಮಾಡಿದವನು ನಾನೊಬ್ಬನೇ.