ಅಂದಾನಪ್ಪನ ಮೂಗು ಮತ್ತು ಮೂರು ಬಾಟಲಿ

ಕಾಣದ್ದನ್ನು ಹೊಗಳುವುದರಲ್ಲಿ ನನ್ನದು ಪಳಗಿದ ಕೈ. ಜಂಬದ ಮಾತಲ್ಲ, ತಪ್ಪೊಪ್ಪಿಗೆ. ರೋಣದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದಷ್ಟು ಕಾಲವೂ, ನಿವೃತ್ತನಾದ ಮೇಲೂ ಊರವರ ಮದುವೆಯ ಕರೆಯೋಲೆ, ವರ್ಗವಾಗಿ ಹೋಗುವವರ ಮಾನಪತ್ರ ಎಲ್ಲ ನನ್ನ ಪೆನ್ನಿನಿಂದಲೇ ಇಳಿದಿವೆ. ಒಮ್ಮೆ, ಮುಖ ನೋಡಿರದ ಅಧಿಕಾರಿಯೊಬ್ಬರನ್ನು ‘ಮಿತಭಾಷಿ’ ಎಂದು ಬರೆದುಕೊಟ್ಟು ಸಮಾರಂಭಕ್ಕೆ ಹೋದೆ. ಅವರು ಒಂದೂವರೆ ತಾಸು ಮಾತಾಡಿದರು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಮಾನಪತ್ರವನ್ನು ಮನುಷ್ಯನ ಜೊತೆ ತಾಳೆ ನೋಡುವ ರೂಢಿ ನಮ್ಮಲ್ಲಿಲ್ಲ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ, ಮುಗಿಯಿತು.

ಇಂಥ ನನ್ನ ಮುಂದೆ ಕಳೆದ ವರ್ಷ ತಂಗಿಯ ಮಗಳು ಅಕ್ಷತಾ ಮೂರು ಬಾಟಲಿ ತಂದಿಟ್ಟಳು. ತಂಗಿಯ ಮನೆ ಗಜೇಂದ್ರಗಡದಲ್ಲಿ. ಮನೆಯಲ್ಲಿ ಕೈಮಗ್ಗದ ಸೀರೆ ನೇಯುತ್ತಾರೆ. ಅಕ್ಷತಾ ಧಾರವಾಡದಲ್ಲಿ ಓದುವಾಗ ಜೊತೆಗೆ ಓದುತ್ತಿದ್ದ ಉಡುಪಿ ಕಡೆಯ ಹುಡುಗನನ್ನು ಮೆಚ್ಚಿ ಮದುವೆಯಾದಳು. ಗಂಡನ ಮನೆಯವರು ಸಮುದ್ರದಿಂದ ಸ್ವಲ್ಪ ಒಳಗೆ, ತಮ್ಮ ತೋಟದ ಪಕ್ಕದಲ್ಲೇ, ಹಣ್ಣಿನ ವೈನ್ ಮಾಡುತ್ತಾರೆ. ನೇರಳೆಯದು, ಪುನರ್ಪುಳಿ ಎಂಬ ಆ ಕಡೆಯ ಹುಳಿಹಣ್ಣಿನದು, ಗೇರುಹಣ್ಣಿನದು. ಕೆಲಸಕ್ಕೆ ಅತ್ತೆ ವಾಸಂತಿಯಮ್ಮ, ಅವರ ಇಬ್ಬರು ಗಂಡುಮಕ್ಕಳು, ಮತ್ತು ಈಗ ಅಕ್ಷತಾ. ಇದನ್ನು ನಾವು ರೋಣದಲ್ಲಿ ‘ಹಣ್ಣಿನ ವ್ಯಾಪಾರ’ ಎಂದು ಹೇಳಿಕೊಂಡು ಬಂದಿದ್ದೆವು. ಸುಳ್ಳೇನಲ್ಲ.

“ಮಾಮಾ, ಬಾಟ್ಲಿ ಹಿಂದ ನಾಕು ಸಾಲು ಬರೀಬೇಕು. ಪ್ರತಿಯೊಂದು ವೈನಿನ ಗುಣ ಏನು ಅಂತ. ಪ್ಯಾಟ್ಯಾಗಿನವ್ರು ಯಾರೋ ಬರದು ಕೊಟ್ಟಿದ್ದು ನಮ್ಮ ಅತ್ತಿಗೆ ಸೇರಲಿಲ್ಲ. ನಮ್ಮ ಮಾಮಾನ ಹಂಗ ಬರಿಯೋರು ಯಾರೂ ಇಲ್ಲ ಅಂತ ಎಲ್ಲಾರ ಮುಂದ ನಾ ಹೇಳಿಬಿಟ್ಟೀನಿ” ಎಂದಳು ಅಕ್ಷತಾ. ಆ ಮನೆಗೆ ಹೋದ ಎರಡು ವರ್ಷದಲ್ಲಿ ಅವಳ ಮಾತಿಗೆ ಅತ್ತೆ ತಲೆಯಾಡಿಸಿದ್ದು ಅದೇ ಮೊದಲ ಸಲವಂತೆ. ಅದನ್ನು ಹೇಳುವಾಗ ಅವಳ ದನಿ ಸಣ್ಣಗಾಯಿತು. ನಾನು ಧಾರಾಳವಾಗಿ “ಅಷ್ಟs ಅಲ್ಲೇನವ್ವಾ” ಎಂದೆ.

ಬಾಟಲಿಯ ಮುಚ್ಚಳ ಕೂಡ ತೆಗೆಯದೆ ಅರ್ಧ ತಾಸಿನಲ್ಲಿ ಬರೆದುಕೊಟ್ಟೆ. ನೇರಳೆಯ ವೈನು ‘ಪಡುಗಡಲ ಸಂಜೆಗೆಂಪನ್ನು ಒಡಲಲ್ಲಿ ಹೊತ್ತ ಚೆಲುವೆ’ ಆಗಿತ್ತು. ಅಕ್ಷತಾ ಓದಿ ಕಾಗದ ಮಡಚಿದಳು. “ಮಾಮಾ, ನಮ್ಮಪ್ಪ ಸೀರಿ ಮಾರುವಾಗ ಅಂಚಿನ ಮ್ಯಾಲ ಕವಿತಾ ಓದಂಗಿಲ್ಲ. ಬಿಚ್ಚಿ ತೋರಸ್ತಾನ.”

ಹಾಗಾಗಿ ಬಿಚ್ಚಲೇಬೇಕಾಯಿತು. ನನ್ನ ಹೆಂಡತಿ ಶಾಂತಾ ಕೆಮ್ಮಿನ ಔಷಧಿಯ ಚಮಚ ತಂದು ಕೊಟ್ಟು, ಎದುರಿಗೇ ಕುಳಿತಳು. ಜನ್ಮದಲ್ಲಿ ಮೊದಲ ಬಾರಿ ಮೂರು ಚಮಚ ವೈನ್ ಕುಡಿದೆ. ಚಮಚದ ಪ್ರಭಾವವೋ ಏನೋ, ಮೂರಕ್ಕೂ ಕೆಮ್ಮಿನ ಔಷಧಿಯ ರುಚಿಯೇ ಇತ್ತು. “ಮೂರೂ ಚಲೋ ಅವ” ಎಂದೆ.

“ಸಾರಿಗೆ ಉಪ್ಪು ಹಾಕಿಲ್ಲ ಅಂತ ಗೊತ್ತಾಗೂದಕ್ಕ ನಿಮಗ ಅರ್ಧ ಊಟ ಆಗಬೇಕು. ಇದು ನಿಮ್ಮ ಕೈಲೆ ಆಗೂದಲ್ರಿ. ನರಗುಂದಕ್ಕ ಹೋಗಿ ಅಂದಾನಪ್ಪಣ್ಣಾರನ್ನ ಕೇಳ್ರಿ” ಎಂದಳು ಶಾಂತಾ.

ಅಂದಾನಪ್ಪ ನನ್ನ ಬಾಲ್ಯದ ಗೆಳೆಯ. ನರಗುಂದದಲ್ಲಿ ಕಾಳಿನ ದಲಾಲಿ ಅಂಗಡಿ ಇಟ್ಟಿದ್ದಾನೆ. ಕಡಲೆಯನ್ನು ಒಂದು ಹಿಡಿ ತೆಗೆದುಕೊಂಡು ಉಜ್ಜಿ ಮೂಸಿದರೆ ಯಾವ ನೆಲದ್ದು, ಯಾವಾಗ ರಾಶಿ ಮಾಡಿದ್ದು, ಎಲ್ಲಿ ಇಟ್ಟಿದ್ದರು ಎಂದು ಹೇಳಬಲ್ಲ. ಅವನೂ ನನ್ನಂತೆಯೇ ಜನ್ಮದಲ್ಲಿ ವೈನ್ ಕಂಡವನಲ್ಲ. ಮೂರೂ ಬಾಟಲಿಗಳನ್ನು ಚೀಲದಲ್ಲಿಟ್ಟುಕೊಂಡು ನರಗುಂದದ ಬಸ್ಸು ಹತ್ತಿದೆ. ರಸ್ತೆಯ ಪ್ರತಿಯೊಂದು ತಗ್ಗಿಗೂ ಅವು ಕಿಣಿಕಿಣಿ ಎಂದವು. ಪಕ್ಕದಲ್ಲಿ ಕುಳಿತ ನನ್ನ ಹಳೆಯ ವಿದ್ಯಾರ್ಥಿ “ಸರ್, ಎಣ್ಣಿ ಏನ್ರಿ?” ಎಂದು ಕೇಳಿದ. “ಹೌದಪಾ” ಎಂದೆ. ಅವನು ಯಾವ ಅರ್ಥದಲ್ಲಿ ಕೇಳಿದ್ದನೋ ನನಗೆ ಇಂದಿಗೂ ಗೊತ್ತಿಲ್ಲ.

ಅಂದಾನಪ್ಪ ವಿಷಯ ಕೇಳಿ ನಗಲಿಲ್ಲ. ಬಾಯಿ ತೊಳೆದುಕೊಂಡು ಬಂದು ಕುಳಿತ. ನೇರಳೆಯದನ್ನು ನಾಲ್ಕು ಹನಿ ಅಂಗೈಗೆ ಹಾಕಿಕೊಂಡು, ಉಜ್ಜಿ, ಮೂಸಿ, ನಾಲಿಗೆಯ ತುದಿಗೆ ಹಚ್ಚಿ ಉಗುಳಿದ. “ಇದು ಬಿಗಿ ಮನಶ್ಯಾ. ಲಗೂ ಮಾತಾಡಂಗಿಲ್ಲ. ಹಸಿ ಕಡ್ಲಿ ಸಿಪ್ಪಿ ಅಗದಂಗ ಹಿಂದ ಒಗರು ಉಳೀತೈತಿ.” ಪುನರ್ಪುಳಿಗೆ ಅವನ ಮುಖ ಅರಳಿತು. “ಇದು ಬಾಯಿಬಡಕಿ. ಬಂದಕೂಡ್ಲೆ ಹುಳೀ ಮಾತು. ಆದ್ರ ಮನಸಿನಾಗ ಏನೂ ಇಟ್ಕೊಳ್ಳಂಗಿಲ್ಲ.” ಗೇರುಹಣ್ಣಿನದನ್ನು ಮೂಸಿದ. ಮತ್ತೊಮ್ಮೆ ಮೂಸಿದ. ಬಾಟಲಿ ಮುಚ್ಚಿಟ್ಟು ಹೇಳಿದ: “ಮಾಸ್ತರ, ಮಾಲು ಭಾಳ ಚಲೋ ಐತಿ. ಆದ್ರ ತೊಯ್ದ ಗೋಣಿಚೀಲದ ವಾಸನಿ ಹೊಡಿತೈತಿ.”

“ಬಾಟ್ಲಿಯೊಳಗ ಗೋಣಿಚೀಲ ಎಲ್ಲಿಂದ ಬರಬೇಕೋ?”

“ಅದು ಅವರನ್ನ ಕೇಳು. ವಾಸನಿ ಐತಿ, ನಾ ಹೇಳಿದೆ.”

ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ಬೆವರು. ಬೀಗರ ಮನೆಯ ಮಾಲಿಗೆ ತೊಯ್ದ ಗೋಣಿಚೀಲದ ನಾತ ಎಂದು ಬರೆದು ಕಳಿಸಿದರೆ ಅಕ್ಷತಾ ಆ ಮನೆಯಲ್ಲಿ ತಲೆ ಎತ್ತುವುದು ಹೇಗೆ? ಬರೆಯದೆ ಬಿಟ್ಟರೆ ಅಂದಾನಪ್ಪನಿಗೆ ದ್ರೋಹ. ಕೊನೆಗೆ ನನ್ನ ಹಳೆಯ ವಿದ್ಯೆಯೇ ಕೈಹಿಡಿಯಿತು. ಕಚೇರಿಗೆ ದಿನಾ ತಡವಾಗಿ ಬರುವವರನ್ನು ‘ಗಡಿಯಾರದ ಹಂಗಿಲ್ಲದ ದುಡಿಮೆಗಾರ’ ಎಂದು ಬರೆದವನಿಗೆ ಗೋಣಿಚೀಲ ಯಾವ ಲೆಕ್ಕ? ಗೇರುಹಣ್ಣಿನ ವೈನಿಗೆ ‘ಮೊದಲ ಮಳೆಗೆ ನೆನೆದ ಹಳೆಯ ಉಗ್ರಾಣದ ನೆನಪು ತರುವ ಗಂಭೀರ ಪರಿಮಳ’ ಎಂದು ಬರೆದೆ. ಉಳಿದೆರಡನ್ನೂ ಅಂದಾನಪ್ಪನ ಮಾತಿನಿಂದ ಆದಷ್ಟು ದೂರ ಒಯ್ದು, ಅಲಂಕರಿಸಿ, ಗಂಡನ ಊರಿಗೆ ಮರಳಿದ್ದ ಅಕ್ಷತಾಳ ಮೊಬೈಲಿಗೆ ಕಳಿಸಿದೆ.

ಮೂರು ದಿನ ಸುದ್ದಿಯಿಲ್ಲ. ನಾಲ್ಕನೆಯ ದಿನ ಅಕ್ಷತಾ ಫೋನ್ ಮಾಡಿದಳು. ದನಿ ನಡುಗುತ್ತಿತ್ತು. “ಮಾಮಾ, ನೀವು ಬರದಿದ್ದು ಓದಿ ಅತ್ತಿ ಚಷ್ಮಾ ತಗದು ಇಟ್ರು. ಉಗ್ರಾಣದ ವಾಸನಿ ಅಂತ ಯಾರು ಹೇಳಿದ್ರು ಅಂತ ಕೇಳಿದ್ರು. ಆಮ್ಯಾಲ ಆರು ಬಾಟ್ಲಿ ಒಡಿಸಿದ್ರು.”

ನಡೆದದ್ದು ಇಷ್ಟು. ಹಿಂದಿನ ಮಳೆಗಾಲದಲ್ಲಿ ಹಿರಿಯ ಮಗ ಬಾಟಲಿಯ ಬಿರಡೆಗಳನ್ನು ಸೋರುವ ಕೊಠಡಿಯಲ್ಲಿ ಇಟ್ಟಿದ್ದ. ತೊಯ್ದ ಆ ಬಿರಡೆಗಳನ್ನೇ ಗೇರಿನ ವೈನಿನ ಬಾಟಲಿಗಳಿಗೆ ಹಾಕಿದ್ದರು. ಗೇರಿನ ವೈನಿನಲ್ಲಿ ಏನೋ ಮುಗ್ಗು ವಾಸನೆ ಎಂದು ವಾಸಂತಿಯಮ್ಮ ಆಗಿನಿಂದಲೂ ಹೇಳುತ್ತಿದ್ದರು. ಗಂಡುಮಕ್ಕಳಿಬ್ಬರೂ ಮೂಸಿ ನೋಡಿ, ಏನೂ ಇಲ್ಲ, ಅಮ್ಮನಿಗೆ ವಯಸ್ಸಾಯಿತು, ಮೂಗು ಹೋಯಿತು ಎಂದುಬಿಟ್ಟಿದ್ದರು. ಪ್ರತಿ ಪೀಪಾಯಿಯನ್ನೂ ತಾವೇ ಮೂಸಿ ಒಪ್ಪುತ್ತಿದ್ದ ಆಕೆ, ಇರಬಹುದು ಎಂದುಕೊಂಡು, ವೈನ್ ಕೋಣೆಗೆ ಇಳಿಯುವುದನ್ನೇ ಬಿಟ್ಟಿದ್ದರಂತೆ. ಬಿರಡೆ ತೆಗೆಸಿ ಮೂಸಿದ ಆರು ಬಾಟಲಿಗಳಲ್ಲಿ ನಾಲ್ಕಕ್ಕೆ ಆ ವಾಸನೆ ಇತ್ತು. ಈ ಸಲ ಅಕ್ಷತಾಳೂ ಮೂಸಿ, ಐತಿ ಎಂದಳಂತೆ, ಗಂಡನ ಎದುರಿಗೇ. “ಈಗ ಅತ್ತಿ ಮುಂಜಾನೆಯಿಂದ ಕೆಳಗ ಅದಾರ. ಯಾರಿಗೂ ಒಳಗ ಬಿಡವಲ್ರು, ನನ್ನೊಬ್ಬಾಕಿನ್ನ ಬಿಟ್ಟು” ಎಂದಳು. ದನಿ ನಡುಗುತ್ತಿದ್ದುದು ಖುಷಿಗೆ ಎಂದು ಆಗ ತಿಳಿಯಿತು.

ಸಂಜೆ ಸ್ವತಃ ವಾಸಂತಿಯಮ್ಮನೇ ಮಾತಾಡಿದರು. “ಮಾಸ್ಟ್ರೇ, ಅದು ಒದ್ದೆ ಗೋಣಿಯ ವಾಸನೆ ಅಲ್ವಾ? ನಿಮ್ಮ ಮೂಗಿಗೂ ಬಂತಲ್ಲ?” ಆ ‘ನಿಮ್ಮ ಮೂಗಿಗೂ’ ಎಂಬುದರಲ್ಲಿ ಎಂಥ ಆಸೆ ಇತ್ತೆಂದರೆ, ಹೌದು ಎನ್ನುವುದೇ ಧರ್ಮ ಎಂದು ನನಗೆ ಒಂದು ಕ್ಷಣ ಅನ್ನಿಸಿತು. ಆದರೆ ಶಾಂತಾ ಎದುರಿಗೇ ನಿಂತಿದ್ದಳು.

“ಮೂಗು ನಂದಲ್ರಿ. ನರಗುಂದದಾಗ ನನ್ನ ಗೆಳ್ಯಾ ಅದಾನ, ಕಾಳಿನ ವ್ಯಾಪಾರದಾಂವ. ಗೋಣಿಚೀಲ ಅಂದಾಂವ ಅವನs. ನಾ ಅದನ್ನ ಉಗ್ರಾಣ ಮಾಡಿದೆ” ಎಂದೆ.

“ಉಳಿದ ಎರಡಕ್ಕೂ ಅವರು ಏನಾದರೂ ಹೇಳಿದ್ದು ಉಂಟಾ?” ಎಂದು ಕೇಳಿದರು. ಬಿಗಿ ಮನುಷ್ಯನನ್ನೂ ಬಾಯಿಬಡಕಿಯನ್ನೂ ಹೇಳಿದೆ. ಫೋನಿನಲ್ಲಿ ಆಕೆ ನಕ್ಕದ್ದು ಶಾಂತಾಗೂ ಕೇಳಿಸಿತು. “ಮಾಸ್ಟ್ರೇ, ನೀವು ಬರೆದದ್ದು ಭಾರೀ ಚಂದ ಉಂಟು. ಅದು ಬೇಡ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಕಳಿಸಿ.”

ಮರುದಿನ ಮತ್ತೆ ನರಗುಂದಕ್ಕೆ ಹೋದೆ. ವರ್ಷಾನುಗಟ್ಟಲೆ ಮಕ್ಕಳಿಗೆ ಉಕ್ತಲೇಖನ ಹೇಳಿದವನು ನೋಟುಬುಕ್ಕು ತೊಡೆಯ ಮೇಲಿಟ್ಟುಕೊಂಡು ಕಾಳಿನ ಚೀಲದ ಮೇಲೆ ಕುಳಿತೆ. ಅಂದಾನಪ್ಪ ಗಂಟಲು ಸರಿಮಾಡಿಕೊಂಡು ನಿಧಾನವಾಗಿ ಹೇಳಿದ, ನಾನು ಬರೆದುಕೊಂಡೆ. ಮುಗಿದ ಮೇಲೆ ಅವನು ನೋಟುಬುಕ್ಕಿನ ಕಡೆ ಅನುಮಾನದಿಂದ ಬಗ್ಗಿದ.

“ಮಾಸ್ತರ, ನಿಂದೇನರ ಸೇರಿಸಿಯೇನು?”

“ಒಂದs ಒಂದು ಶಬ್ದ.”

“ತಗಿ.”

ತೆಗೆದೆ.