ಸೋಲೋ ಮುಗಿಸಲು ಬಿಡದ ಉಪಕಾರಿಗಳು

ನಾನು ಗಿಟಾರ್ ಕೈಗೆತ್ತಿಕೊಂಡರೆ ಸಾಕು, ಯಾರೋ ಒಬ್ಬರು ಉಪಕಾರ ಮಾಡಲು ಓಡಿ ಬರುತ್ತಾರೆ. ಅಪಕಾರ ಮಾಡುವವರಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಎಪ್ಪತ್ತರ ದಶಕದ ಕೊನೆಯ ಮಾತಿದು. ಕೊಲ್ಹಾಪುರದಲ್ಲಿ ನಾನು ಬೆಲ್ಲದ ಅಡತಿ ಅಂಗಡಿಯ ಗುಮಾಸ್ತ. ಲಗ್ನದ ಹಂಗಾಮು ಬಂತೆಂದರೆ ಆರ್ಕೆಸ್ಟ್ರಾದವ. ಅಲ್ಲಿಯೂ ಹಿಂದಿನ ಸಾಲು. ಮುಂದಿನ ಸಾಲಿಗೆ ಬರಬೇಕೆಂದರೆ ಆರ್ಕೆಸ್ಟ್ರಾ ನಡೆಸುವ ನಮ್ಮ ಮಾಸ್ತರರದು ಒಂದೇ ಶರತ್ತು: "ಮಂದಿ ಮುಂದ ಒಂದ ಸೋಲೋ ಪೂರಾ ಬಾರಸ. ನಂತರ ಬಘೂ, ನೋಡೂಣು." ಹಾಡುವವರು ಸುಮ್ಮನಾದಾಗ ಗಿಟಾರ್ ಒಂದೇ ನುಡಿಯಬೇಕು, ಅದೇ ಸೋಲೋ. ಎರಡು ನಿಮಿಷದ ಕೆಲಸ. ಅದಕ್ಕಾಗಿ ಎರಡು ವರ್ಷ ಹೆಣಗಿದೆ.

ಅವ್ವನ ಔಷಧ

ತಂತಿ ಒತ್ತಿ ಒತ್ತಿ ಬೆರಳ ತುದಿ ಗಟ್ಟಿಯಾದರೇನೇ ವೇಗ ಬರುವುದು. ಮೂರು ತಿಂಗಳು ನೋವು ನುಂಗಿ ನಾಲ್ಕೂ ಬೆರಳು ಜಡ್ಡುಗಟ್ಟಿಸಿಕೊಂಡೆ. ಅದನ್ನು ನೋಡಿ ಅವ್ವ ಎದೆ ಬಡಿದುಕೊಂಡಳು. "ಅಯ್ಯ ಶಿವನ! ಕಬ್ಬ ಕಡಿಯೋರ ಕೈನೂ ಹಿಂಗ ಇರಂಗಿಲ್ಲೋ!"

ಅಂದಿನಿಂದ ನಾನು ಊಟಕ್ಕೆ ಕೂತಾಗಲೆಲ್ಲ ಎಡಗೈ ಎಳೆದುಕೊಂಡು ಬೆಣ್ಣೆ ತಿಕ್ಕತೊಡಗಿದಳು. ಬೇಡವೆಂದರೆ ಅಳು. ಎಂಟು ದಿನಕ್ಕೆ ಬೆರಳು ಹಸುಗೂಸಿನ ಕೆನ್ನೆಯ ಹಾಗೆ ಮೆತ್ತಗಾದವು. ತಂತಿ ಮುಟ್ಟಿದೆ, ಉರಿಗೆ ಕಣ್ಣಲ್ಲಿ ನೀರು ಬಂತು. ಅವ್ವ ಅದನ್ನೂ ನೋಡಿ ತಲೆ ಸವರಿದಳು. "ಅಳಬ್ಯಾಡೋ. ಅವ್ವ ಅಂದ್ರ ಏನಂತ ಈಗರ ತಿಳೀತಲ್ಲ, ಅಷ್ಟ ಸಾಕ!"

ಮಗ್ಗದ ಜಾಬರ್

ಬೆರಳು ಉಳಿಸಿಕೊಳ್ಳಲು ಹದಿನೈದು ದಿನ ರಜೆ ಹಾಕಿ ಇಚಲಕರಂಜಿಯ ಸೋದರಮಾವನ ಮನೆಗೆ ಓಡಿದೆ. ಕೆಳಗೆ ಅವನ ಎಂಟು ಪವರ್‌ಲೂಮು, ಮೇಲೆ ನಾನು. ಆ ಖಡಖಡದಲ್ಲಿ ನನ್ನ ತಪ್ಪು ಯಾರಿಗೂ ಕೇಳಿಸದೆಂಬ ಧೈರ್ಯದಿಂದ ತಂತಿ ಎಳೆದೆಳೆದು ಸ್ವರ ಬಾಗಿಸುವುದನ್ನು ರೂಢಿಸತೊಡಗಿದೆ. ಒಂದು ಮಧ್ಯಾಹ್ನ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಮಗ್ಗ ರಿಪೇರಿ ಮಾಡುವ ಜಾಬರ್ ನಟ್ಟು ತಿರುವುವ ಪಾನಾ ಹಿಡಿದು ಮೆಟ್ಟಿಲೇರಿ ಬಂದ.

"ಯಾವದೋ ಮಗ್ಗ ಕಿರಗುಟ್ಟಾಕತ್ತೈತ್ರಿ. ಎಂಟೂ ಬಂದ್ ಮಾಡಿದ್ರೂ ಸಪ್ಪಳ ನಿಂದ್ರವಲ್ದು."

ಇದು ಗಿಟಾರಪ್ಪಾ ಎಂದು ನುಡಿಸಿ ತೋರಿಸಿದೆ. ಕಣ್ಣು ಮುಚ್ಚಿ, ತಲೆ ವಾಲಿಸಿ, ಬಹಳ ಶ್ರದ್ಧೆಯಿಂದ ಕೇಳಿದ. ಇವನಾದರೂ ರಸಿಕ ಎಂದುಕೊಂಡೆ. ಪಾನಾ ಕಿಸೆಗೆ ಇಳಿಸಿ ಹೇಳಿದ: "ಇದು ನನ್ನ ಕೈಲೆ ರಿಪೇರಿ ಆಗಂಗಿಲ್ಲ ಬಿಡ್ರಿ."

ಸತ್ಕಾರ

ಅಂತೂ ಗಡಹಿಂಗ್ಲಜದ ಒಂದು ಲಗ್ನದಲ್ಲಿ ಮಾಸ್ತರರು ಸೋಲೋ ಕೊಟ್ಟರು. "ನಡುವ ನಿಂತಿ ಅಂದ್ರ ಮತ್ತ ಹಿಂದಿನ ಸಾಲ" ಎಂದು ಕಿವಿಯಲ್ಲಿ ಹೇಳಿದರು.

ಶುರು ಮಾಡಿದೆ. ದೇವರಾಣೆ, ಚೆನ್ನಾಗಿ ಬರುತ್ತಿತ್ತು! ಅರ್ಧ ದಾಟುವಷ್ಟರಲ್ಲಿ ಮದುಮಗಳ ಅಜ್ಜನ ಕಣ್ಣು ತುಂಬಿ ಬಂತು. ತೆಂಗಿನಕಾಯಿ, ಟಾವೆಲ್ ಹಿಡಿದು ವೇದಿಕೆ ಹತ್ತಿಯೇಬಿಟ್ಟ. ನಮ್ಮ ಕಡೆ ಯಾರ ಮೇಲಾದರೂ ಅಭಿಮಾನ ಉಕ್ಕಿದರೆ ಸತ್ಕಾರ ಆಗಲೇಬೇಕು, ಅದೂ ನಿಂತ ಕಾಲಲ್ಲಿ. ತಡೀರಿ ಎಂದು ಕಣ್ಸನ್ನೆ ಮಾಡಿ ನುಡಿಸುತ್ತಲೇ ಇದ್ದೆ. ಅಜ್ಜನ ಮುಖ ಕಪ್ಪಿಟ್ಟಿತು.

"ನಮ್ಮ ಮನಿ ಕಾಯಿ ಬ್ಯಾಡಂತಾನ್ರಿ ಇವ!"

ಮಂಟಪವೆಲ್ಲ ಗುಸುಗುಸು. ಎರಡೂ ಕೈ ಚಾಚಿ ಕಾಯಿ ತೆಗೆದುಕೊಂಡೆ. ಸೋಲೋ ನಿಂತಿತು. ಹೆಣ್ಣಿನವರು ಮಾಡಿದ ಮೇಲೆ ಗಂಡಿನವರು ಬಿಡುತ್ತಾರೆಯೇ? ಅವರದೂ ಒಂದು ಕಾಯಿ, ಮೇಲೆ ತಲೆಗೆ ಸುತ್ತಿದ ಒಂದು ಪಟಕಾ. ಪಟಕಾ ಕಣ್ಣಿನ ಮೇಲೆ ಜಾರಿತು. ಅದರ ಸಂದಿಯಿಂದ ನೋಡಿದರೆ ಮಾಸ್ತರರು ಆಗಲೇ ಹಿಂದಿನ ಸಾಲಿನ ಕಡೆ ಬೆರಳು ತೋರಿಸುತ್ತಿದ್ದರು. ನನಗೆ ಅಳುವೇ ಬಂತು.

"ಅಜ್ಜಾರ, ಇನ್ನೊಂದ ನಿಮಿಷದ್ದು ಉಳದೈತ್ರಿ, ಮುಗಸ್ತೇನ್ರಿ" ಎಂದು ಕೈಮುಗಿದೆ.

ಅಜ್ಜ ಪ್ರೀತಿಯಿಂದ ಬೆನ್ನು ತಟ್ಟಿದ.

"ಸತ್ಕಾರ ಆತಲ್ಲೋ ತಮ್ಮಾ! ಇನ್ನ ಯಾಕ ಬಾರಸ್ತಿ? ಊಟಕ್ಕ ನಡಿ."