ಕುರಿ ತಬ್ಬುವ ದಿನ

ಹಬ್ಬ ಎಂದರೆ ನನಗೆ ಸ್ವಲ್ಪ ಭಯ. ಈ ಮಾತನ್ನು ಹೆಂಗಸರ ಮುಂದೆ ಹೇಳಿದರೆ ತಲೆಯಾಡಿಸುತ್ತಾರೆ, ಗಂಡಸರ ಮುಂದೆ ಹೇಳಿದರೆ ದೇವರ ಮೇಲೆ ಭಕ್ತಿ ಇಲ್ಲವೇ ಎಂದು ಕೇಳುತ್ತಾರೆ. ಭಕ್ತಿ ಇದೆ. ಆದರೆ ಕ್ಯಾಲೆಂಡರಿನ ಕೆಂಪಕ್ಷರದ ಹಿಂದೆ ನನ್ನ ಕಣ್ಣಿಗೆ ಕಾಣುವುದು ಹೂರಣದ ಪಾತ್ರೆಯೇ ಹೊರತು ರಜೆಯಲ್ಲ. ಅದರಲ್ಲೂ ದಸರೆಯಿಂದ ದೀಪಾವಳಿಯವರೆಗಿನ ದಿನಗಳಲ್ಲಿ ನಾನು ಒಲೆ ಬಿಟ್ಟು ಕದಲುವುದೇ ಕಷ್ಟ. ನಡುವೆ ಬರುವ ಹುಣ್ಣಿಮೆ ಶಿಕಾರಿಪುರದ ನನ್ನ ತವರಿನಲ್ಲಿ ಸೀಗೆ ಹುಣ್ಣಿಮೆ. ನಮ್ಮ ಮನೆಯವರು ಸೊರಬದ ಕಡೆಯವರು. ಅಲ್ಲಿ ಅದು ಭೂಮಿ ಹುಣ್ಣಿಮೆ. ಭೂಮಿತಾಯಿಗೆ ಬಸುರಿಯ ಬಯಕೆ ಎಂದು ಬುಟ್ಟಿಗೆ ಚಿತ್ತಾರ ಬರೆದು, ಸಿಕ್ಕ ಸೊಪ್ಪನ್ನೆಲ್ಲ ಬೇಯಿಸಿ ಗದ್ದೆಗೆ ಚೆಲ್ಲುತ್ತಾರೆ. ಎರಡೂ ಕಡೆಯ ಶಾಸ್ತ್ರ ಬಿಡಬಾರದು ಎಂದು ಮದುವೆಯಾದ ಹೊಸತರಲ್ಲಿ ನಾನೇ ಬಾಯಿತಪ್ಪಿ ಹೇಳಿದ್ದೆ. ಹಾಗಾಗಿ ಭೂಮಿಯ ಬಯಕೆ ತೀರುವ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗಿರುತ್ತದೆ.

ಇಷ್ಟು ಹಬ್ಬ ಸಾಲದು ಎಂಬಂತೆ, ನಮ್ಮ ಮನೆಯವರು ಕೆಲಸದಿಂದ ನಿವೃತ್ತರಾದ ಮೇಲೆ ಮೊಬೈಲಿನಲ್ಲಿ ಹೊಸ ಪಂಚಾಂಗ ಕಂಡುಹಿಡಿದರು. ಅದರಲ್ಲಿ ತಿಥಿ ನಕ್ಷತ್ರ ಇಲ್ಲ, ರಾಹುಕಾಲ ಇಲ್ಲ. ಬೆಳಗಾದರೆ ಜಗತ್ತಿನ ಯಾವುದೋ ಮೂಲೆಯವರು ಯಾವುದಕ್ಕೋ ಒಂದು ದಿನವನ್ನು ಮೀಸಲಿಟ್ಟಿರುತ್ತಾರೆ, ಅದು ಇವರಿಗೆ ಗೊತ್ತಾಗಿಬಿಡುತ್ತದೆ. ಮೊಟ್ಟೆಯ ದಿನ ಬಂದಾಗ, ನಮ್ಮ ಮನೆಗೆ ಮೊಟ್ಟೆ ತರುವುದಿಲ್ಲವಾದ್ದರಿಂದ, ತಿನ್ನುವ ಪಕ್ಕದ ಮನೆಯವರಿಗೆ ಹೋಗಿ ಶುಭಾಶಯ ಹೇಳಿ ಬಂದರು. ಅಂಚೆಯ ದಿನ ನನಗೇ ಒಂದು ಕಾರ್ಡು ಬರೆದು ಹಾಕಿದರು, ನಡುಮನೆಯಿಂದ ಅಡುಗೆಮನೆಗೆ. ನಗುವಿನ ದಿನ ನಮ್ಮ ಬೀದಿಯಲ್ಲೊಂದು ಸಾವಾಗಿತ್ತು. ಬೆಳಿಗ್ಗೆಯಿಂದ ನಕ್ಕು ನಕ್ಕು ರೂಢಿಯಾದ ಮುಖವನ್ನು ಹಾಗೇ ಹೊತ್ತುಕೊಂಡು ಹೋಗಿ ಹೆಣದ ಮುಂದೆ ಕೈಮುಗಿದು ನಿಂತರು. ತೀರಿಕೊಂಡವರ ಮಗ ಅಳು ನಿಲ್ಲಿಸಿ ನನ್ನ ಹತ್ತಿರ ಬಂದು, "ಮೇಡಂ, ಸಾರ್ ಆರಾಮಿದಾರಾ?" ಎಂದು ಕೇಳಿದ. ನಾನು ಕಾಲೇಜಿನಲ್ಲಿ ಪಾಠ ಹೇಳುವವಳು, ಎಂಥ ಪ್ರಶ್ನೆಗೂ ಏನಾದರೊಂದು ಉತ್ತರ ಕೊಟ್ಟು ಅಭ್ಯಾಸ. ಅವತ್ತು ಇವರ ತೋಳು ಹಿಡಿದು ಮನೆಗೆ ಎಳೆದುಕೊಂಡು ಬಂದೆ.

ಇವನ್ನೆಲ್ಲ ಸಹಿಸಿಕೊಂಡಿದ್ದೆ. ಅದೇ ತಿಂಗಳ ಕೊನೆಯ ವಾರ ಇವರು ಕಾಫಿ ಲೋಟ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದು, "ಬರೋ ಶನಿವಾರ ಕುರಿ ತಬ್ಬೋ ದಿನವಂತೆ ಮಾರಾಯ್ತಿ" ಎಂದರು.

"ಯಾರು ತಬ್ಬೋದು?"

"ನಾವೇ. ಎಲ್ಲಾದ್ರೂ ಒಂದು ಕುರಿ ಹುಡುಕಿ ತಬ್ಬಬೇಕು. ಅಷ್ಟೇ. ನೀ ಏನೂ ಅಡುಗೆ ಮಾಡೋದು ಬ್ಯಾಡ."

ಕೊನೆಯ ಆ ಮಾತಿಗೆ ನಾನು ಸೋತೆ. ಏನೂ ಬೇಯಿಸಬೇಕಿಲ್ಲದ ಹಬ್ಬ ನನ್ನ ಆಯುಷ್ಯದಲ್ಲಿ ಅದೇ ಮೊದಲು.

ನನ್ನ ಕಾಲೇಜು ಇರುವುದು ಶಿರಾಳಕೊಪ್ಪದಲ್ಲಿ. ಶನಿವಾರ ಪಾಠ ಮುಗಿಸಿ ಬರುವಷ್ಟರಲ್ಲಿ ಇವರು ಬಸ್ಸಿನಲ್ಲಿ ಬಂದು ಗೇಟಿನ ಹತ್ತಿರ ನಿಂತಿದ್ದರು. ಬಿಳಿ ಶರ್ಟು, ಕತ್ತಿಗೆ ಪೌಡರು, ಮೈಗೆ ಧಾರಾಳವಾಗಿ ಸೆಂಟು. ಫೋಟೋ ತೆಗೆಸಿಕೊಳ್ಳುವುದಿತ್ತಲ್ಲ. ನನ್ನ ಸ್ಕೂಟರ್ ಹಿಂದೆ ಹತ್ತಿ ಕೂತರು. ತೊಗರ್ಸಿ ಕಡೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಒಂದು ಸಣ್ಣ ಊರು. ಕುರಿ ಸಾಕುವ ಮನೆಗಳು ಅಲ್ಲಿವೆ ಎಂದು ಯಾರೋ ಹೇಳಿದ್ದರಂತೆ. ಹೆಸರು ಹೇಳುವುದಿಲ್ಲ, ಆ ಊರಿನವರಿಗೆ ನಮ್ಮಿಂದ ಆಗಿರುವ ತೊಂದರೆಯೇ ಸಾಕು.

ರಸ್ತೆಯ ಎರಡೂ ಬದಿ ಮೆಕ್ಕೆಜೋಳ ಒಣಗಿ ನಿಂತಿತ್ತು. ಜನರೆಲ್ಲ ತೆನೆ ಮುರಿಯಲು ಹೊಲಕ್ಕಿಳಿದಿದ್ದರಿಂದ ಊರೊಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಕೊನೆಯ ಮನೆಯ ಪಕ್ಕ ಮುಳ್ಳುಬೇಲಿಯ ದೊಡ್ಡಿ. ದೊಡ್ಡ ಹಿಂಡು ಮೇಯಲು ಹೋಗಿ, ಹೊಸದಾಗಿ ಈದ ಕುರಿಗಳೂ ಮರಿಗಳೂ ಮಾತ್ರ ಒಳಗಿದ್ದವು. ಇವರು "ಯಾರಿದೀರಿ ಮನೇಲಿ?" ಎಂದು ಒಂದು ಸಲ ಕೂಗಿದರು. ಉತ್ತರ ಬರಲಿಲ್ಲ. "ಬೇಡ ಬನ್ರೀ, ಇನ್ನೊಬ್ಬರ ದೊಡ್ಡಿ" ಎಂದೆ. "ಒಂದೇ ನಿಮಿಷ. ತಬ್ಬೋದು, ಬಿಡೋದು" ಎಂದು ಬೇಲಿ ಸರಿಸಿ ಒಳಗೆ ಹೋದರು. ನನ್ನ ಸ್ಕೂಟರ್ ಆ ದಿನಗಳಲ್ಲಿ ಒಮ್ಮೆ ಆರಿದರೆ ಮತ್ತೆ ಹೊತ್ತಿಕೊಳ್ಳುವುದು ಅನುಮಾನವಾಗಿತ್ತು. ಹಾಗಾಗಿ ಎಂಜಿನ್ ಆರಿಸದೆ ಅದರ ಮೇಲೇ ಕೂತಿದ್ದೆ.

ದೊಡ್ಡ ಕುರಿಗಳು ಇವರನ್ನು ಹತ್ತಿರ ಸೇರಿಸಲಿಲ್ಲ. ಕೊನೆಗೆ, ಹುಟ್ಟಿ ಒಂದೆರಡು ದಿನವೂ ಆಗಿರದ ಕಪ್ಪು ಮರಿಯೊಂದು ಕೈಗೆ ಸಿಕ್ಕಿತು. ಅದನ್ನು ಎದೆಗವಚಿಕೊಂಡರು. ಒಳಗೆ ನೆರಳು, ಫೋಟೋ ಸರಿ ಬರುವುದಿಲ್ಲ ಎಂದು ಮರಿಯನ್ನು ಎತ್ತಿಕೊಂಡೇ ಬೇಲಿ ದಾಟಿ ನನ್ನ ಕಡೆ ಓಡಿಬಂದರು. "ತೆಗಿ, ಬೇಗ ತೆಗಿ" ಎಂದು ಅವರು ಹೇಳಿದ್ದು ಫೋಟೋಕ್ಕೆ. ಅಷ್ಟರಲ್ಲಿ ಮನೆಯ ಹಿಂದಿನಿಂದ ಸೊಪ್ಪಿನ ಹೊರೆ ಹೊತ್ತು ಬಂದ ಮುದುಕಿಗೆ ಕಂಡದ್ದು ಬೇರೆಯೇ.

ಆಕೆ ಕಿರುಚಲಿಲ್ಲ. ಕಿರುಚಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಹೊರೆ ಇಳಿಸಿ, ನೆಟ್ಟಗೆ ನಿಂತು, "ಮರಿ ಕೆಳಗ ಬಿಡ್ರಿ" ಎಂದಳು. ನನ್ನ ಕಡೆ ತಿರುಗಿ, "ಗಾಡಿ ಆರಿಸ್ರಿ" ಎಂದಳು. ಆಮೇಲೆ ಹೊಲದ ಕಡೆ ಮುಖ ಮಾಡಿ "ಬೀರಪ್ಪಾ" ಎಂದು ಕೂಗಿದಳು.

ಜೋಳದ ಸಾಲುಗಳ ನಡುವಿನಿಂದ ಜನ ಒಬ್ಬೊಬ್ಬರಾಗಿ ಹೊರಬಂದರು. ಕೆಲವರ ಕೈಯಲ್ಲಿ ಕುಡುಗೋಲು ಇತ್ತು. ಮುದುಕಿಯ ಹೆಸರು ಹನುಮಕ್ಕ, ಮುಂದೆ ಬಂದ ಎತ್ತರದ ಆಳು ಅವಳ ಮಗ ಬೀರಪ್ಪ ಎಂದು ಅವರವರ ಮಾತಿನಿಂದ ತಿಳಿಯಿತು. ಅವನು ಮೊದಲು ಮಾಡಿದ ಕೆಲಸ ನನ್ನ ಸ್ಕೂಟರಿನ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡದ್ದು. ಹನುಮಕ್ಕ ಮರಿಯನ್ನು ಇಸಿದುಕೊಂಡು ದೊಡ್ಡಿಯೊಳಗೆ ಬಿಟ್ಟಳು.

"ಯಾವೂರು?" ಎಂದ ಬೀರಪ್ಪ.

"ಸೊರಬ" ಎಂದರು ಇವರು. ಅದೇ ಉಸಿರಿನಲ್ಲಿ "ಶಿಕಾರಿಪುರ" ಎಂದೆ ನಾನು. ಶಿಕಾರಿಪುರದಲ್ಲಿ ಮನೆ ಕಟ್ಟಿ ವರ್ಷಗಟ್ಟಲೆ ಆದರೂ ಇವರು ಊರು ಕೇಳಿದರೆ ಸೊರಬ ಎಂದೇ ಹೇಳುವುದು. ಈ ವಿಷಯಕ್ಕೆ ನಾವು ಮನೆಯಲ್ಲಿ ಎಷ್ಟೋ ಸಲ ಜಗಳ ಆಡಿದ್ದೇವೆ. ಆದರೆ ಕುಡುಗೋಲು ಹಿಡಿದವರ ಮುಂದೆ ಅದನ್ನೆಲ್ಲ ವಿವರಿಸುವುದು ಹೇಗೆ? ಗುಂಪಿನಲ್ಲಿ ಗುಜುಗುಜು ಎದ್ದಿತು. ಒಬ್ಬ ಮೆಲ್ಲಗೆ, "ಹೋದ್ಸಲನೂ ಹಿಂಗೇ ಅಂತಲ್ಲೋ, ಗಂಡ ಹೆಂಡ್ತಿ ಥರ ಬಂದು ಹೊತ್ಕಂಡು ಹೋಗಿದ್ದು" ಎಂದ. ನಾವು ನಿಜವಾದ ಗಂಡ ಹೆಂಡತಿ ಎಂದು ಹೇಳಲು ಬಾಯಿ ತೆರೆದವಳು, ಅದರಿಂದ ಅನುಮಾನ ಹೆಚ್ಚಾಗುತ್ತದೋ ಕಡಿಮೆಯಾಗುತ್ತದೋ ತಿಳಿಯದೆ ಮುಚ್ಚಿಕೊಂಡೆ.

"ಇವತ್ತು ಕುರಿ ತಬ್ಬೋ ದಿನ ಕಣ್ರಪ್ಪ" ಎಂದರು ನಮ್ಮ ಮನೆಯವರು.

ಯಾರೂ ನಗಲಿಲ್ಲ. "ತಬ್ಬಿ?" ಎಂದ ಬೀರಪ್ಪ.

"ತಬ್ಬಿ... ಬಿಡೋದು."

"ಬಿಟ್ಟು?"

"ಅಷ್ಟೇ."

"ನಮ್ಮಾಗ ಕುರಿ ತಬ್ಬೋರು ಎರಡೇ ಥರ ಜನ ರೀ. ತೂಕ ನೋಡೋ ವ್ಯಾಪಾರದೋರು, ಇಲ್ಲಾಂದ್ರ ಕಳ್ರು. ನೀವು ಯಾರು?"

ಇವರು ಸಾಕ್ಷಿಗೆ ಮೊಬೈಲ್ ತೆಗೆದರು. ಸಿಗ್ನಲ್ ಇಲ್ಲ. ಸಿಗ್ನಲ್ ಹುಡುಕುತ್ತಾ, ಕೈ ಮೇಲೆತ್ತಿಕೊಂಡು ರಸ್ತೆಯ ಕಡೆ ಹೆಜ್ಜೆ ಇಟ್ಟದ್ದೇ ತಡ, ಹಿಂದಿನಿಂದ ಒಬ್ಬ ಇವರ ಬಿಳಿ ಶರ್ಟಿನ ಕಾಲರ್ ಹಿಡಿದ. ಮೂವತ್ತು ವರ್ಷ ಸಂಸಾರ ಮಾಡಿದ ಗಂಡನ ಕಾಲರನ್ನು ಇನ್ನೊಬ್ಬ ಹಿಡಿದದ್ದು ನೋಡಿ ನನಗೆ ಏನಾಯಿತೋ. "ಕೈ ಬಿಡ್ರಿ. ಅವರಿಗೆ ಬುದ್ಧಿ ಕಡಿಮೆ, ಕಳ್ಳರಲ್ಲ" ಎಂದು ಗದರಿದೆ. ತರಗತಿಯಲ್ಲಿ ಬರುವ ದನಿ ಅದು, ಅವನ ಕೈ ಸಡಿಲಾಯಿತು. ಆಗ ಇವರು ನನ್ನ ಕಡೆ ನೋಡಿದ ನೋಟವನ್ನು ನಾನಿನ್ನೂ ಮರೆತಿಲ್ಲ.

ಪೊಲೀಸರಿಗೆ ಹೇಳುವುದೋ, ಕಟ್ಟಿಹಾಕುವುದೋ ಎಂದು ಅವರು ಮಾತಾಡಿಕೊಳ್ಳುತ್ತಿರುವಾಗ ದೊಡ್ಡಿಯೊಳಗೆ ಮರಿ ಅರಚಿತು. ತಾಯಿಯ ಹತ್ತಿರ ಹೋಗಿದೆ, ತಾಯಿ ಮೂಸಿ ನೋಡಿ ತಲೆಯಿಂದ ತಳ್ಳಿದೆ. ಮತ್ತೆ ಹೋಯಿತು, ಈ ಸಲ ತಾಯಿ ಜೋರಾಗಿಯೇ ಗುದ್ದಿತು. ಮರಿ ಉರುಳಿ ಬೇಲಿಗೆ ಬಿತ್ತು. ಹನುಮಕ್ಕ ಒಳಗೆ ಹೋಗಿ ಮರಿಯನ್ನೆತ್ತಿ ಮೂಸಿದಳು. ಮುಖ ಗಂಟಿಕ್ಕಿ ಹೊರಗೆ ಬಂದು ನಮ್ಮ ಮನೆಯವರ ಶರ್ಟನ್ನೂ ಮೂಸಿದಳು.

"ಬಿಡ್ರೋ, ಇವ ಕಳ್ಳ ಅಲ್ಲ" ಎಂದಳು. "ಕಳ್ಳ ಆಗಿದ್ರ ಮದುವಿ ಮದಲಿಂಗನಂಗ ಘಮಘಮ ಅಂತ ಬರ್ತಿದ್ನಾ? ಆದ್ರ ಮರಿಗೆ ವಾಸನಿ ಹತ್ತೇತಿ. ತಾಯಿ ಇದು ನಂದಲ್ಲ ಅಂತೈತಿ. ಹಾಲು ಬಿಡಾಕಿಲ್ಲ."

ಗುಂಪು ಚದುರಿತು, ಹೊಲದಲ್ಲಿ ಕೆಲಸ ಬಾಕಿ ಇತ್ತು. ಬೀರಪ್ಪ ಕೀಲಿಯನ್ನು ನನ್ನ ಕೈಗಿಟ್ಟು ಹೋದ. ಆದರೆ ನಾವು ಹೊರಡಲಿಲ್ಲ. ಇವರು ಬೇಲಿಯ ಹತ್ತಿರ ನಿಂತು ಮರಿಯನ್ನೇ ನೋಡುತ್ತಿದ್ದರು. "ಹಾಲು ಕುಡೀದಿದ್ರೆ ಏನಾಗ್ತದೆ?" ಎಂದು ಕೇಳಿದರು. ಹನುಮಕ್ಕ, "ಏನಾಗ್ತೈತಿ, ಸಾಯ್ತೈತಿ" ಎಂದಳು. ಇವರ ಕಣ್ಣಲ್ಲಿ ನೀರು ಬಂತು. ನಗುವಿನ ದಿನದ ಆ ಸಾವಿನ ಮನೆಯಲ್ಲಿ ಬರಬೇಕಿದ್ದದ್ದು ಅದು.

ಹನುಮಕ್ಕ ತಾಯಿಕುರಿಯ ಹಾಲನ್ನು ಒಂದಿಷ್ಟು ಕರೆದು ಮರಿಯ ಬೆನ್ನಿಗೆ ಸವರಿದಳು. "ತಾಯಿನ ಯಾರಾದ್ರೂ ಗಟ್ಟಿ ಹಿಡ್ಕಬೇಕು, ಮರಿ ಕುಡಿಯೋತನಕ" ಎಂದಳು. ಇವರು ಮುಂದೆ ಹೋದರು. ಸೆಂಟಿನ ವಾಸನೆಗೋ, ಹಳೆಯ ಸಿಟ್ಟಿಗೋ, ಕುರಿ ಇವರ ಹೊಟ್ಟೆಗೆ ಒಂದು ಕೊಟ್ಟಿತು. ಬಿಳಿ ಶರ್ಟು ಹಿಕ್ಕೆಯ ಮೇಲೆ ಕೂತಿತು. ಹನುಮಕ್ಕ ನನ್ನನ್ನು ನೋಡಿದಳು. ನಾನು ಸೀರೆ ಎತ್ತಿ ಸಿಕ್ಕಿಸಿಕೊಂಡು ಒಳಗೆ ಹೋಗಿ, ಮೊಣಕಾಲೂರಿ, ಕುರಿಯ ಕೊರಳನ್ನು ಎರಡೂ ತೋಳಿನಿಂದ ಬಳಸಿ ಹಿಡಿದೆ. ಅದು ಕೊಸರಿತು, ನಾನು ಬಿಡಲಿಲ್ಲ. ಅದರ ಎದೆ ಹೊಡೆದುಕೊಳ್ಳುವುದು ನನ್ನ ಕೆನ್ನೆಗೆ ತಾಗುತ್ತಿತ್ತು. ನನ್ನದೂ ಹಾಗೇ ಹೊಡೆದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಎರಡೂ ನಿಧಾನವಾದವು. ಹಿಂದೆ ಮರಿ ಚಪಚಪ ಎನ್ನುವುದು ಕೇಳಿಸಿತು. ಫೋಟೋ ತೆಗೆಯಬೇಕೆಂದು ಇಬ್ಬರಿಗೂ ನೆನಪಾಗಲಿಲ್ಲ.

"ನಾಳೆಗೂ ಬೇಕು. ತಾಯಿ ಒಪ್ಪೋತನಕ ಬೇಕು. ನನ್ನ ಮಣಕಾಲು ಆಗಂಗಿಲ್ಲ, ಹುಡುಗ್ರೆಲ್ಲ ಹೊಲಕ್ಕ ಹೋಗ್ತಾರ" ಎಂದಳು ಹನುಮಕ್ಕ, ಯಾರಿಗೂ ಹೇಳದವಳಂತೆ. ನಾನು ಬರುತ್ತೇನೆ ಎಂದೆ.

ಮಾರನೆಯ ದಿನ ಭಾನುವಾರವೂ ಹೋದೆ, ಆಮೇಲೆ ಕಾಲೇಜಿಗೆ ಹೋಗುವ ಮುನ್ನ ದಿನಾ ಬೆಳಿಗ್ಗೆ ಹೋದೆ. ಸೋಪು ಹಾಕದೆ ಸ್ನಾನ ಮಾಡಿ, ಮಲ್ಲಿಗೆ ಮುಡಿಯದೆ. ಮನೆಯಲ್ಲಿ ಇವರೇ ತಿಂಡಿ ಮಾಡಿಕೊಳ್ಳತೊಡಗಿದರು, ಅದಕ್ಕೊಂದು ದಿನವಿದೆಯೇ ಎಂದು ನೋಡುವುದನ್ನೂ ಬಿಟ್ಟಿದ್ದರು. ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗಿಯರು ಸ್ವಲ್ಪ ಹಿಂದೆ ಸರಿದು ಕೂರುತ್ತಿದ್ದುದು ನನ್ನ ಗಮನಕ್ಕೆ ಬಂತು, ಬಂದರೂ ತಲೆಕೆಡಿಸಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಹೋದಾಗ ಹನುಮಕ್ಕ ಬೇಲಿಯ ಹತ್ತಿರವೇ ತಡೆದಳು. "ಇನ್ನ ನೀವು ಬರಾದು ಬ್ಯಾಡ್ರಿ ಅಕ್ಕಾರೆ. ತಾಯಿ ಒಪ್ಕಂಡೈತಿ, ನೋಡ್ರಿ." ನೋಡಿದೆ. ಮರಿ ಬಾಲ ಅಲ್ಲಾಡಿಸುತ್ತಾ ಕುಡಿಯುತ್ತಿತ್ತು, ತಾಯಿ ಎಲ್ಲೋ ನೋಡುತ್ತಾ ನಿಂತಿತ್ತು. ಸಂತೋಷವಾಯಿತು ಎಂದೆ. ಆಗಲೇಬೇಕಿತ್ತು. ಆದರೂ ಕಾಲು ಹಿಂದಿರುಗಲಿಲ್ಲ.

"ಹನುಮಕ್ಕಾ, ಬಂದಿದ್ದೀನಲ್ಲ, ಸುಮ್ಮನೆ ಒಂದು ಸಲ ಹಿಡಿದುಕೊಂಡು ಹೋಗಲಾ?"

ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಬೇಲಿ ಸರಿಸಿ, ರಸ್ತೆಯ ಆಚೆ ಈಚೆ ಕಣ್ಣಾಡಿಸಿ, ದನಿ ತಗ್ಗಿಸಿದಳು.

"ಹಿಡ್ಕಳ್ರಿ. ಆದ್ರ ಲಗೂನ ಬಿಡ್ರಿ. ಕಾಲೇಜಿನ ಮೇಡಮ್ಮಾರು ನೀವು, ನೋಡಿದೋರು ಏನಂದಾರು."